ಅಡಿಪ್ಪಾತ

ತಿರುವನಂತಪುರದಿಂದ ಕಡತ ಬಂದಿದೆ.
ಸಂಜೆಯೊಳಗೆ ಕನ್ನಡ ಬೇಕಂತೆ,
ಕಲ್ಲಿನಲ್ಲಿ ಅಕ್ಷರ ಕೊರೆಯುವ ಮಿಷನ್ನಿಗೆ
ಆರರ ತನಕ ಮಾತ್ರ ಕರೆಂಟು.
ಹನ್ನೊಂದು ಸಾಲು. ಯಾವುದೋ ಪುರಸ್ಕಾರ,
ನಮ್ಮ ಹೆದ್ದಾರಿಯಡಿಯ ಸಣ್ಣದೊಂದು ದಾರಿಗೆ.

ಮೊದಲ ಪದದಲ್ಲೇ ಎಡವಿದೆ.
ನೂತನಾಶಯಂ. ಅವರಿಗದು ಹೊಸ ವಿಚಾರ,
ನಮ್ಮಲ್ಲಿ ಆಶಯ ಆಸೆಯ ಹತ್ತಿರದ ನೆಂಟ.
ಅಡಿಪ್ಪಾತ. ಅಡಿ ಅಂದರೆ ಕೆಳಗೆ, ಸರಿ;
ಅಡಿ ಅಂದರೆ ಪಾದ, ಹನ್ನೆರಡು ಇಂಚು ಕೂಡ.
ಇಪ್ಪತ್ತೆರಡು ವರ್ಷ ಈ ಕಾಸರಗೋಡಿನ ಕಚೇರಿಯಲ್ಲಿ
ಪದಗಳನ್ನು ದಾಟಿಸಿದವಳು ನಾನು.
ದಾಟುವಾಗ ಏನೋ ಬಿಟ್ಟು ಬರುತ್ತವೆ,
ಏನೋ ಕದ್ದೂ ತರುತ್ತವೆ.

ಆ ಜಾಗ ಗೊತ್ತು ನನಗೆ.
ಕುಂಬಳೆ ಕಳೆದು ಉತ್ತರಕ್ಕೆ, ಪಡುಬೈಲು ಕ್ರಾಸು.
ಪಶ್ಚಿಮಕ್ಕೆ ಕಡಲು, ದೋಣಿ, ಮಸೀದಿ,
ಪೂರ್ವಕ್ಕೆ ಶಾಲೆ, ರೇಷನ್ ಅಂಗಡಿ, ಮೀನು ತಿನ್ನುವ ಮನೆಗಳು.
ನಡುವೆ ಆರು ಪಥದ ರಸ್ತೆಗೆ ಮಣ್ಣು ಏರಿಸಿ
ಎರಡಾಳೆತ್ತರದ ಗೋಡೆ ನಿಲ್ಲಿಸಿದರು.
ಆಚೆ ಹೋಗಲು ಎರಡೂವರೆ ಕಿಲೋಮೀಟರು ಹೋಗಿ ತಿರುಗಿ ಬಾ.
ನಕ್ಷೆಯಲ್ಲಿ ಪೆಟ್ಟಿಗೆಯೊಂದು ಇತ್ತು, ಮಳೆನೀರಿಗೆ,
ಒಂದೂವರೆ ಮೀಟರು.
ನೀರಿಗೇನು, ಬೆನ್ನೆಲುಬಿಲ್ಲ.

ಜಮೀನಿನ ನೋಟೀಸು ಓದಿ ಹೇಳಲು ಹೋಗಿದ್ದೆ ಅಂದು.
ನೀಲೇಶ್ವರದ ಹುಡುಗ, ಓವರ್‌ಸಿಯರ್ ಪ್ರಜೀಶ,
ಅಳತೆಕೋಲು ನೆಟ್ಟು ನಿಂತಿದ್ದ.
ತಲೆ ಮೇಲೆ ಬಂಗುಡೆ ಬುಟ್ಟಿ ಹೊತ್ತು ಬಂದಳು ಸೇಸಕ್ಕ,
ನೆಲದಲ್ಲಿ ಎಳೆದ ಸುಣ್ಣದ ಗೆರೆ ನೋಡಿ,
ಅವನ ಎದೆಯ ಹತ್ತಿರ ಕೈ ಅಡ್ಡ ಹಿಡಿದು
"ಇಷ್ಟೇಯಾ?" ಅಂತ ಕಣ್ಣಲ್ಲೇ ಕೇಳಿದಳು.
ಅವನು ಮಲಯಾಳದಲ್ಲಿ ಏನೋ ಅಂದ.
"ಕುರ್ವೆ ಜಪ್ಪಾವಂದೆ ಪೋವೊಡು," ಅಂದಳು ಅವಳು.
ನಡುವೆ ನಾನು:
ಬುಟ್ಟಿ ಇಳಿಸದೆ ಹೋಗಬೇಕಂತೆ.

ಸುಮ್ಮನಾದ ಹುಡುಗ.
ಆಮೇಲೆ ಕೋಲನ್ನು ಕಿತ್ತು
ಅವಳ ಪಕ್ಕದಲ್ಲಿ ನಿಲ್ಲಿಸಿದ.
ಹಿಮ್ಮಡಿ, ಸೊಂಟ, ಮುಡಿ, ಸಿಂಬಿ, ಬುಟ್ಟಿಯ ಅಂಚು,
ಅಂಚು ಹಿಡಿದ ಕೈಯ ಬಳೆ.
ಕೊಡೆಗೆ ಇನ್ನೊಂದು ಗೇಣು ಬಿಡು ಅಂದಳು.
ಒಳಗೆ ಮಳೆ ಇಲ್ಲವಲ್ಲ ಎಂದರೆ
ಕೊಡೆ ಮಡಚಲು ಮೂರನೇ ಕೈ ಎಲ್ಲುಂಟು ಮಾರಾಯಾ,
ನಿನ್ನ ಅಮ್ಮನಿಗುಂಟಾ?
ಬಂಗುಡೆಯ ನೀರು ಅವನ ಪುಸ್ತಕದ ಮೇಲೆ ತೊಟ್ಟಿಕ್ಕಿತು.
ಆ ಹಾಳೆ ನೋಡಿದ್ದೇನೆ. ಅಂಕಿಯ ಪಕ್ಕದಲ್ಲಿ
ಈಗಲೂ ಒಂದು ಹುರುಪೆ ಅಂಟಿಕೊಂಡಿದೆ.

ಹನ್ನೊಂದು ಸಾಲಿನಲ್ಲಿ ಆ ಹಾಳೆ ಇಲ್ಲ.
ಕಂಪನಿಯ ಹೆಸರು ಉಂಟು, ಇಲಾಖೆಯ ಹೆಸರು ಉಂಟು,
"ಬಳಕೆದಾರಸ್ನೇಹಿ" ಎರಡು ಸಲ ಉಂಟು.
ಪ್ರಜೀಶನಿಗೆ ಇಡುಕ್ಕಿಗೆ ವರ್ಗವಾಯಿತು,
ಅಂದಾಜುಪಟ್ಟಿ ಮೂರು ಸಲ ಹಿಂದೆ ಬಂದಾಗ
ನಾಲ್ಕನೇ ಸಲ ಅದೇ ಅಂಕಿ ಬರೆದು ಕಳಿಸಿದ್ದಕ್ಕೋ,
ಇನ್ನು ಯಾವುದಕ್ಕೋ, ಯಾರು ಹೇಳುತ್ತಾರೆ.

ಸಹಿ ಹಾಕುವ ಸಾಹೇಬರಿಗೆ ಕನ್ನಡ ಬಾರದು.
ಹನ್ನೊಂದನ್ನೂ ನಿಯತ್ತಾಗಿ ದಾಟಿಸಿದೆ,
ಕೊನೆಗೆ ಹನ್ನೆರಡನೆಯದೊಂದು ಬರೆದೆ:
"ಇದರ ಎತ್ತರ, ಬುಟ್ಟಿ ಇಳಿಸದೆ ನಿಂತ ಒಬ್ಬ ಹೆಂಗಸು
ಮತ್ತು ಒಂದು ಗೇಣು."
ಅಳತೆಗೆ ತಪ್ಪು ಹಿಡಿಯಲಿ ಯಾರಾದರೂ.

ಕಲ್ಲು ನೆಟ್ಟ ಮರುವಾರ ಹೋದೆ.
ತಮಿಳುನಾಡಿನ ಲಾರಿಗಳು ತಲೆಯ ಮೇಲೆ ಗುಡುಗುತ್ತಿದ್ದವು,
ಕೆಳಗೆ ಶಾಲೆಯ ಮಕ್ಕಳು ಕೂಗಿ ಕೂಗಿ
ಗೋಡೆಯಿಂದ ತಮ್ಮ ಹೆಸರನ್ನು ವಾಪಸು ಪಡೆಯುತ್ತಿದ್ದರು.
ಸೇಸಕ್ಕ ಬಂದಳು, ಬಗ್ಗದೆ.
ಓದಿ ಹೇಳಿದೆ ಅವಳಿಗೆ ಕೊನೆಯ ಸಾಲು.

ಕೇಳಿದಳು. ಸಿಂಬಿ ಸರಿಮಾಡಿಕೊಂಡಳು.
"ಒಳಗಿನ ಲೈಟು ಹೋಗಿ ಮೂರು ದಿನ ಆಯಿತು,
ಅದನ್ನೂ ಬರೆ," ಅಂದಳು.