ಸ್ಟೂಲು

ನೀಲವ್ವ ಹಂಪಿಹೊಳಿ ಕೇಳಿದ್ದು ಒಂದು ಸ್ಟೂಲು.
ಮೂರು ವರ್ಷದಾಕಿ ಇದ್ದಾಗ ಸೊರಗಿದ ಬಲಗಾಲು;
ಬೇರಿಂಗಿನ ಕೂದಲೆಳಿ ಬಿರುಕು
ಆಕಿ ಬೆರಳು ತಪ್ಪಿಸಿ ಹೋಗಿಲ್ಲ.
ಉದ್ಯಮಬಾಗದ ಮ್ಯಾನೇಜರ್ ಅಂದ:
ಇವತ್ತು ನಿನಗ ಸ್ಟೂಲು, ನಾಳಿಗೆ ಎಲ್ಲಾರಿಗೂ ಮಂಚ.

ಜಿನ್ನಪ್ಪ ಚೌಗಲೆ ಕೇಳಿದ್ದು ಹದಿನೈದು ನಿಮಿಷ,
ಹೊತ್ತು ಮುಳುಗೂದ್ರಾಗ ಬುತ್ತಿ ಬಿಚ್ಚಾಕ.
ಸೂರ್ಯಾಸ್ತಕ್ಕ ಪಾಳಿಪಟ್ಟಿಯೊಳಗ ಕಾಲಂ ಇಲ್ಲ
ಅಂತ ಉತ್ತರ ಹೋತು.
ಬರದಾಂವ ನಾನ, ಟೈಮ್‌ಕೀಪರ್.

ಲೇಬರ್ ಆಫೀಸು ಎರಡನೇ ಮಹಡಿ,
ಲಿಫ್ಟಿನ ಬಾಗಿಲಿಗೆ ಹಳೇ ಕ್ಯಾಲೆಂಡರ್ ತೂಗಹಾಕ್ಯಾರ.
ಮೆಟ್ಟಿಲು ನಲವತ್ತೆರಡು; ಎಣಿಸೂದು ನನ್ನ ಚಟ.
ಹೆಸರು ಕೂಗಿದಾಗ ಆಕಿ ಇಪ್ಪತ್ತೇಳನೇದರ ಮ್ಯಾಲ.
‘ಅರ್ಜಿದಾರಳು ಗೈರು’ ಅಂತ ಪೆನ್ನು ಎತ್ತಿದ್ರು.
‘ಬರಾಕತ್ತಾಳ್ರೀ, ಬರಾಕತ್ತಾಳ!’
ಜಿನ್ನಪ್ಪನ ದನಿ ಗ್ವಾಡಿಗೆ ಬಡದು ಕೆಳಗಿಳೀತು.
ಪೆನ್ನು ಬರೀತು.

ಕಿಡಕ್ಯಾಗ ಬಿಸಿಲು ಕೆಂಪಗಾಗಿತ್ತು.
ತನ್ನ ಸರದಿಗೂ ಕಾಯದ ಆಂವ ಇಳಿದು ಹೋಗಿ
ಆಕಿ ಮೆಟ್ಟಿಲದಾಗ ಡಬ್ಬಿ ತಗದ:
ರೊಟ್ಟಿ, ಮಡಕಿಕಾಳು, ಬಳ್ಳೊಳ್ಳಿ ಇಲ್ಲದ ಚಟ್ನಿ.
ಡ್ಯೂಟಿ ಹೊತ್ತಿನ್ಯಾಗ ಆಕಿ ಕುಂತದ್ದು
ಈ ಎರಡು ತಿಂಗಳಾಗ ಇದ ಮೊದಲ.

ನನ್ನ ಬಗಲಾಗ ಹಾಜರಿ ಪುಸ್ತಕ. ಕಂಪನಿ ಕಡಿ ಸಾಕ್ಷಿ ನಾನು.
ಎಷ್ಟೊತ್ತು ಕುಂತ್ರು, ಬರಕೊಳ್ಳಬೇಕಿತ್ತು.
ನಿಂತಿದ್ದೆ.
ಆಕಿ ಊರುಗೋಲು ಎತ್ತಿ ಅತ್ತಾಗ ಇಟ್ಟು
ಸ್ವಲ್ಪ ಸರದು ಜಾಗಾ ಮಾಡಿದ್ಲು.