ಹನ್ನೊಂದು ಮೈಲಿಯ ಲೆಕ್ಕ

ಫ್ರಿಜ್ಜಿನ ಬಾಗಿಲಿಗೆ ಎರಡು ವರ್ಷದಿಂದ ಅಂಟಿಕೊಂಡಿದೆ
ನಮ್ಮ ಸಂಸದ ಟ್ರೆಡ್‌ವೆಲ್‌ನ ಕರಪತ್ರ.
ಅವನ ಬಿಳಿ ಹಲ್ಲಿನ ಮೇಲೆ ಮೆಣಸಿನ ಸಾಸಿನ ಕಲೆ.
ಕೆಳಗೆ ಐದು ಮಾತು, ಮಾತಿಗೊಂದು ಖಾಲಿ ಚೌಕ.
ಚೌಕ ಬರೆದವಳು ನಾನೇ,
ಮೂವತ್ತೊಂದು ವರ್ಷ ಅರಿಝೋನಾದ ಈ ಮೂಲೆಯಲ್ಲಿ
ಕೌಂಟಿಯ ರಸ್ತೆ ಅಳೆದವಳು,
'ಸುಮಾರು' ಅಂದರೆ ಮೈ ಉರಿಯುವವಳು.

ಬೆಳಿಗ್ಗೆ ಪಿಕಪ್ಪಿನ ಮೀಟರು ಸೊನ್ನೆಗೆ ತಂದು ಹೊರಟೆ.
ಹನ್ನೊಂದು ಮೈಲಿ ಗೋಡೆ, ಅಂದಿದ್ದ.
ನಾಲ್ಕು ಪಾಯಿಂಟ್ ಏಳಕ್ಕೆ ತುಕ್ಕುಬಣ್ಣದ ಕಂಬಗಳು ನಿಂತುಬಿಟ್ಟವು,
ಮಾತಿನ ನಡುವೆ ಹೆಸರು ಮರೆತವರ ಹಾಗೆ.
ಆಮೇಲೆ ಮಲಗಿಸಿಟ್ಟ ಕಬ್ಬಿಣದ ರಾಶಿ,
ಅದರ ನೆರಳಲ್ಲಿ ಪ್ರುಡೆನ್ಸಿಯೋನ ಎರಡು ಕರು.

ನಿಜ ಹೇಳಬೇಕು: ಎದ್ದಷ್ಟು ಗೋಡೆ ಗಟ್ಟಿಯಿದೆ.
ಒದ್ದು ನೋಡಿದೆ. ಹೆಬ್ಬೆರಳು ಇನ್ನೂ ನೋಯುತ್ತಿದೆ.
ಆದರೆ ಒಣಹಳ್ಳ ದಾಟುವಲ್ಲಿ ಗೇಟುಗಳಿವೆಯಲ್ಲ,
ಜುಲೈ ನೀರು ಗೋಡೆಯನ್ನೇ ಹೊತ್ತೊಯ್ದೀತೆಂದು
ಕಂಟ್ರಾಕ್ಟರನ ಆಳೇ ಬಂದು ತೆರೆದಿಟ್ಟು ಹೋಗುತ್ತಾನೆ,
ಸೆಪ್ಟೆಂಬರಿನವರೆಗೆ.
ಇದಕ್ಕೇನು ಹಾಕಲಿ, ಸರಿಯೋ ತಪ್ಪೋ?
ಬಾನೆಟ್ಟಿನ ಮೇಲೆ ಕೂತು ಪೆನ್ಸಿಲ್ ಕಚ್ಚಿದೆ.

ಗುಡ್ಡದ ಮೇಲೆ ಕ್ಯಾಮೆರಾ ಗೋಪುರ: ಇದೆ. ತಿರುಗುತ್ತದೆ. ಸರಿ.

ನಲವತ್ತು ಹೊಸ ಕಾವಲುಗಾರರು: ಬಂದವರು ಇಪ್ಪತ್ತಾರು,
ಒಂಬತ್ತು ಮಂದಿ ಸೆಖೆ ತಾಳದೆ ವರ್ಗ ಮಾಡಿಸಿಕೊಂಡರು.
ಉಳಿದವರಲ್ಲಿ ಕ್ವಿಚೋಚೊ ಎಂಬ ಗುವಾಮ್ ದ್ವೀಪದ ಹುಡುಗ
ಮಾರ್ಚಿನಲ್ಲಿ ನನ್ನ ಪಂಕ್ಚರ್ ಟೈರು ಬದಲಿಸಿಕೊಟ್ಟ.
ಅದು ಕರಪತ್ರದಲ್ಲಿ ಇರಲಿಲ್ಲ.

ಅಗ್ನಿಶಾಮಕ ಠಾಣೆಯ ಸಭೆಯಲ್ಲಿ ಎದ್ದು ಕೇಳಿದೆ:
ಮಿಕ್ಕ ಆರು ಪಾಯಿಂಟ್ ಮೂರು ಮೈಲಿ?
ಮಸೂದೆ ತಂದಿದ್ದೇನೆ, ಸಮಿತಿ ತಡೆದಿದೆ,
ಹೋರಾಟ ನಿಂತಿಲ್ಲ, ಅಂದ.
ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರಲ್ಲ,
ಪಾಪ, ಇವನಿಗೆ ಇಡಲು ಗೋಡೆಯೂ ಪೂರ್ತಿ ಇರಲಿಲ್ಲ.

ಮನೆಗೆ ಬಂದು ಕಡತ ತೆಗೆಸಿ ನೋಡಿದೆ.
ಮಸೂದೆ ತಂದದ್ದು ಸುಳ್ಳಲ್ಲ.
ಮೂರು ಮತದಾನದಲ್ಲಿ ಎರಡಕ್ಕೆ ಹಾಜರು.
ಮೂರನೆಯ ದಿನ ಅವನ ತಾಯಿಯ ಮಣ್ಣು.
ಎದುರಾಳಿಯ ಜಾಹೀರಾತು 'ಗೈರು' ಎಂದು ಕೆಂಪಕ್ಷರದಲ್ಲಿ ಕೂಗುತ್ತದೆ.
ಹೆತ್ತವಳ ಹೆಣ ಹೊತ್ತವನಿಗೆ
ನಾನು ಸೊನ್ನೆ ಹಾಕಲಾರೆ.

ಕಡೆಯ ಸಾಲು ಇದು:
'ನೀವು ನಿಶ್ಚಿಂತೆಯಿಂದ ಮಲಗುವಿರಿ.'
ಪ್ರುಡೆನ್ಸಿಯೋ ಈಗಲೂ ಬಂದೂಕು ತಲೆದೆಸೆಗಿಟ್ಟೇ ಮಲಗುತ್ತಾನೆ.
ನಾನು ಕಿವಿಯ ಯಂತ್ರ ತೆಗೆದು ನೀರಿನ ಲೋಟದ ಪಕ್ಕ ಇಡುತ್ತೇನೆ,
ನಾಯಿ ಬೊಗಳಿದ್ದು, ಯಾರೋ ಓಡಿದ್ದು,
ಓಡಿದವರ ಹಿಂದೆ ಜೀಪು ಹೋದದ್ದು
ಬೆಳಿಗ್ಗೆ ಧೂಳು ನೋಡಿ ತಿಳಿಯುತ್ತದೆ.
ನಿದ್ದೆಯಂತೂ ಚೆನ್ನಾಗಿ ಬರುತ್ತದೆ.
ಇದರ ಪುಣ್ಯ ಯಾರ ಖಾತೆಗೆ?

ಹೊಸ ಕರಪತ್ರ ಇವತ್ತಿನ ಟಪಾಲಿನಲ್ಲಿ ಬಂತು:
'ಕೊಟ್ಟ ಮಾತು ಉಳಿಸಿಕೊಂಡವನು.'
ಹಲ್ಲು ಇನ್ನಷ್ಟು ಬೆಳ್ಳಗಾಗಿದೆ.
ಹಳೆಯದನ್ನು ಕೆಳಗಿಳಿಸಿ ಮೇಜಿನ ಮೇಲೆ ಹರಡಿದೆ.
ಮೊದಲ ಚೌಕದಲ್ಲಿ ಸರಿ ಹಾಕಲಿಲ್ಲ, ತಪ್ಪೂ ಹಾಕಲಿಲ್ಲ,
ನಾಲ್ಕು ಪಾಯಿಂಟ್ ಏಳು ಎಂದು ಬರೆದೆ.
ಚೌಕ ಚಿಕ್ಕದು,
ಅಂಕಿ ಗೆರೆ ದಾಟಿ ಆಚೆ ಹೋಯಿತು.