ಎಳೆ

ಗುತ್ತಲು ರಸ್ತೆಯ ಹಾಲಿನ ಡೈರಿಯ ಮೇಲೆ ಒಂದು ಕೋಣೆ.
ಶನಿವಾರ ಸಂಜೆ ಅಲ್ಲಿ ನಾವು ಐದು ಮಂದಿ
ಗಣಿತ ಹೇಳಿಕೊಡುವವರು ಸೇರಿ
ಒಂದು ತಂತ್ರಾಂಶ ಕಟ್ಟುತ್ತಿದ್ದೆವು,
ಪಿಯುಸಿ ಮಕ್ಕಳಿಗೆ, ಕನ್ನಡದಲ್ಲೇ:
ಕೂಡು, ಕಳೆ, ಭಾಗಿಸು, ಮ.ಸಾ.ಅ.

ನನ್ನ ಪಾಲಿನದು ಸಣ್ಣದು, ಹನ್ನೊಂದೇ ಸಾಲು.
ಅಡ್ಡಕ್ಕೆ ಇಷ್ಟು ಚುಕ್ಕಿ, ಉದ್ದಕ್ಕೆ ಇಷ್ಟು ಅಂದರೆ
ಚುಕ್ಕಿ ಬಳಸಿ ಸುತ್ತಿ ಬರುವ ರಂಗೋಲಿಗೆ
ಎಷ್ಟು ಎಳೆ ಬೇಕೆಂದು ಹೇಳುತ್ತದೆ.
ಮೂರಕ್ಕೆ ಐದು: ಒಂದೇ ಎಳೆ, ನಡುವೆ ಕೈ ಎತ್ತುವಂತಿಲ್ಲ.
ನಾಲ್ಕಕ್ಕೆ ಆರು: ಎರಡು.
ಒಳಗೆ ಇರುವುದು ಬರೀ ಮ.ಸಾ.ಅ.
ಅಪವರ್ತನ ಅಂದರೇನೆಂದು ಕೇಳದ
ನಮ್ಮತ್ತೆ ಕೆಂಪಾಜಮ್ಮನ ಬೆರಳಿಗೆ
ಬೆಳಗಿನ ಜಾವ ಐದಕ್ಕೇ ಗೊತ್ತಿದ್ದದ್ದು.

ಹೆಸರಿಟ್ಟೆ: ಎಳೆ.
ತಂದು ಎಲ್ಲರ ಅಂಗಳದಲ್ಲಿ ನಿಲ್ಲಿಸಿದೆ,
ತಂತ್ರಾಂಶ ತೆರೆದವರು ಯಾರು ಕೂಗಿದರೂ
ಓ ಅನ್ನಲಿ ಅಂತ.

ಸೋಮವಾರ ಪಾಂಡವಪುರದಿಂದ ಜವರಪ್ಪನವರ ಫೋನು:
“ಮೇಡಮ್ಮೋರೇ, ಎಳೆ ಎರಡು ಮೂರು ಅಂದ್ರೆ
ಗೆರೆ ಬರ್ಬೇಕಲ್ವಾ? ಓರೆ ಎರಡು, ಛೇದ ಮೂರು.
‘ಒಂದು’ ಅಂತದೆ ಕಣಿ.
ಏನ್ ಕೇಳುದ್ರೂವೆ ಒಂದು.
ಮುವ್ವತ್ತೆರಡು ಹುಡ್ಗುರು ನನ್ ಮಕ ನೋಡ್ತಾವೆ.”

ಅವರದೂ ಎಳೆ. ನನ್ನದಕ್ಕಿಂತ ಎರಡು ವರ್ಷ ಹಿರಿದು.
ಅವರದು ಕ್ರಿಯಾಪದ, ನನ್ನದು ನಾಮಪದ,
ಯಂತ್ರಕ್ಕೆ ವ್ಯಾಕರಣದ ಗೊಡವೆ ಇಲ್ಲ.
ಕೊನೆಗೆ ಬಂದವಳು ಮೊದಲಿದ್ದವರ ಮೇಲೆ
ಚಾಪೆ ಹಾಸಿ ಕೂತುಬಿಟ್ಟಿದ್ದೆ.
ಕೆಳಗಿದ್ದವರು ಕೂಗಲಿಲ್ಲ.
ತಪ್ಪು ಅಂತ ಒಂದು ಕೆಂಪಕ್ಷರವೂ ಮೂಡಲಿಲ್ಲ.

ನಾಜಿಮಾ ನಮ್ಮಲ್ಲಿ ಚಿಕ್ಕವಳು,
ಮೈಸೂರಿನ ಮಂಡಿ ಮೊಹಲ್ಲಾದಿಂದ ರೈಲಿಗೆ ಬರುವವಳು.
‘ಎ’ ಅಂತ ಒತ್ತಿ ಟ್ಯಾಬ್ ಒತ್ತಿದಳು.
ಎಡಮಿತಿ, ಎಣಿಸು, ಎತ್ತರ, ಎದುರುಬಾಹು, ಎಲ್ಲೆ, ಎಳೆ,
ನೂರ ಹನ್ನೆರಡು ಹೆಸರು
ಸಂತೆ ದಿನದ ಬಸ್ಸಿಂದ ಇಳಿದ ಹಾಗೆ ಇಳಿದವು,
ಮೂಟೆ, ಕೋಳಿ, ಕೊಡೆ ಸಮೇತ.
“ಇದರಲ್ಲಿ ಏನು ಹುಡುಕ್ತಾರೆ ಮೇಡಂ?”

ನಾನು ವಾದಿಸಿದೆ.
ಮನೆಮಗುವನ್ನು ಕರೆಯಲು ವಿಳಾಸ ಹೇಳಬೇಕೇನೆ?
ಸಲೀಸಾಗಿರಲಿ, ಕೂಗಿದರೆ ಬರಲಿ.
ಅವಳು ಮಾತಾಡಲಿಲ್ಲ. ನನ್ನ ಚೀಲದಿಂದ
ಹಾಜರಿ ಪುಸ್ತಕ ತೆಗೆದು ಬೆರಳಿಟ್ಟಳು.
ನನ್ನದೇ ಕೈಬರಹ, ಕೆಂಪು ಶಾಯಿ:
ಬ. ಪುಟ್ಟಮಾದು. ಹ. ಪುಟ್ಟಮಾದು.
ಬಸರಾಳಿನವನೊಬ್ಬ, ಹನಕೆರೆಯವನೊಬ್ಬ.
ಆ ಚುಕ್ಕಿ ಇಡುವ ಮೊದಲು, ಜೂನ್ ಪೂರ್ತಿ,
ಒಬ್ಬ ಶಾಲೆಗೇ ಬರದೆ ಹನ್ನೊಂದು ದಿನ ಹಾಜರಿದ್ದ.

ರಂಗೋಲಿ ಅಂತ ಒಂದು ಮನೆ ಕಟ್ಟಿದೆವು.
ಎಳೆಯನ್ನು ಒಳಗೆ ಕರೆದುಕೊಂಡೆ.
ಜವರಪ್ಪನವರದು ನಕ್ಷೆಯ ಮನೆಗೆ ಹೋಯಿತು.
ಅಂಗಳ ಗುಡಿಸಿದ ಮೇಲೆ ಉಳಿದವು
ಕೂಡು, ಕಳೆ, ಇನ್ನೊಂದಿಷ್ಟು,
ಮತ್ತು ಮೊದಲೇ ಮೂರು ಚುಕ್ಕಿ ಹೊತ್ತಿದ್ದ ಮ.ಸಾ.ಅ.
ಈಗ ನನ್ನದನ್ನು ಕರೆಯಲು
ರಂಗೋಲಿ ಅನ್ನಬೇಕು, ಚುಕ್ಕಿ ಇಡಬೇಕು, ಆಮೇಲೆ ಎಳೆ.
ಅತ್ತೆಯೂ ಹಾಗೇ. ಮೊದಲು ಚುಕ್ಕಿ.

ಜವರಪ್ಪ ಹಟಮಾರಿ. ಇನ್ನೂ ಬರೀ ಎಳೆ ಅಂತಲೇ ಒತ್ತುತ್ತಾರೆ.
ಯಂತ್ರ ಕೇಳುತ್ತದೆ:
“ಯಾರ ಮನೆಯ ಎಳೆ?”

ಈ ಸಾಲು ಎಲ್ಲಿಂದ ತಂದೆಯೇ ಅಂದೆ ನಾಜಿಮಾಳನ್ನು.
“ನಿಮ್ಮತ್ತೆ ಕೇಳಿದ್ದಲ್ವಾ ಮೇಡಂ,
ನಾನು ಮೊದಲ ಸಲ ನಿಮ್ಮ ಜಗಲಿ ಹತ್ತಿದಾಗ.
ಯಾವೂರವ್ವ, ಯಾರ ಮನೆ ಮಗ್ಳು, ಅಂತ.
ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.”
ನಗುತ್ತಲೇ ಹೇಳಿದಳು.
ಕಾಫಿ ಕೊಟ್ಟಿದ್ದರು, ನೆನಪಿದೆ. ಯಾವ ಲೋಟದಲ್ಲಿ
ಅನ್ನುವುದು ನೆನಪಿಲ್ಲ, ಅಥವಾ ಇದೆ.

ಮನುಷ್ಯರನ್ನು ಕೇಳಬಾರದ್ದನ್ನು
ಹನ್ನೊಂದು ಸಾಲಿನ ಲೆಕ್ಕವನ್ನು ಕೇಳಬಹುದು.
ಆ ಸಾಲನ್ನು ಹಾಗೇ ಬಿಟ್ಟೆವು.
ಏಳೂಕಾಲರ ರೈಲಿಗೆ ಅವಳು ಓಡಿದಳು,
ಟ್ಯಾಬ್ ಒತ್ತಿದರೆ ಈಗ ಒಂಬತ್ತೇ ಹೆಸರು.